ರಮ್ಯಯುಗದ ಪಿಟೀಲು ಮತ್ತು ಚೌಡಯ್ಯ ಪರಂಪರೆ

ಪಿಟೀಲು ಯುರೋಪಿನಲ್ಲಿ 16ನೆಯ ಶತಮಾನದಲ್ಲಿ ರೂಪುಗೊಂಡ ನಾಲ್ಕು ತಂತಿಯ ಕಮಾನುವಾದ್ಯ. ಅದರ ಚರಿತ್ರೆಯಲ್ಲಿ ಸರಿಸುಮಾರು 1800ರಿಂದ 1910ರವರೆಗಿನ ಅವಧಿಗೆ ರಮ್ಯಯುಗ ಅಥವಾ ರೊಮ್ಯಾಂಟಿಕ್ ಯುಗ ಎಂದು ಹೆಸರು. ಅರಮನೆಯ ಕೋಣೆಗಳಲ್ಲಿದ್ದ ಸಂಗೀತ ಟಿಕೆಟ್ ಕೊಂಡು ಬರುವ ಜನರ ದೊಡ್ಡ ಸಭಾಂಗಣಗಳಿಗೆ ಬಂದದ್ದು, ಒಬ್ಬ ವಾದಕ ಇಡೀ ವಾದ್ಯವೃಂದದ ಎದುರು ನಿಂತು ನುಡಿಸುವ ಕನ್ಸರ್ಟೊ ಎಂಬ ಪ್ರಕಾರ ಮೇರೆ ಮುಟ್ಟಿದ್ದು, ಕಲಾವಿದನ ಸುತ್ತ ದಂತಕಥೆಗಳು ಹುಟ್ಟಿಕೊಂಡದ್ದು ಈ ಕಾಲದಲ್ಲಿ. ಅದೇ ಕಾಲದಲ್ಲಿ ಅದೇ ವಾದ್ಯ ದಕ್ಷಿಣ ಭಾರತಕ್ಕೆ ಬಂದು ಗಾಯಕರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬೇರೆಯೇ ಒಂದು ಬಾಳು ಶುರುಮಾಡಿತು. ಕರ್ನಾಟಕದಲ್ಲಿ ಆ ಬಾಳಿನ ಅತಿ ದೊಡ್ಡ ಹೆಸರು ತಿರುಮಕೂಡಲು ಚೌಡಯ್ಯ (1895–1967).

ಕನ್ನಡ ಓದುಗರಿಗೆ ಯುರೋಪಿನ ರಮ್ಯಯುಗ ಪರಿಚಯವಾದದ್ದು ಹೆಚ್ಚಾಗಿ ಕವಿತೆಯ ದಾರಿಯಿಂದ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಆ ಬಾಗಿಲು ತೆರೆಯಿತು. ಸಂಗೀತದಲ್ಲಿ ಹಾಗೆ ಆಗಲಿಲ್ಲ. ಬ್ರಾಮ್ಸ್, ಚೈಕೋವ್‌ಸ್ಕಿಯರ ಕೃತಿಗಳನ್ನು ಯಾರೂ ಕನ್ನಡಕ್ಕೆ ತರಲಿಲ್ಲ, ತರುವಂಥ ವಸ್ತುವೂ ಅದಾಗಿರಲಿಲ್ಲ. ಬಂದದ್ದು ವಾದ್ಯ ಮಾತ್ರ. ಆ ವಾದ್ಯದ ಮೇಲೆ ಯುರೋಪ್ ಏನು ಮಾಡಿತು, ನಮ್ಮವರು ಏನು ಮಾಡಿದರು ಎಂಬುದನ್ನು ಜೊತೆಯಾಗಿ ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಪಗನಿನಿ

ನಿಕೊಲೊ ಪಗನಿನಿ ಇಟಲಿಯ ಜಿನೋವಾ ನಗರದಲ್ಲಿ 1782ರ ಅಕ್ಟೋಬರ್ 27ರಂದು ಹುಟ್ಟಿದ. ಅವನ ‘24 ಕ್ಯಾಪ್ರಿಸ್’ಗಳು 1820ರಲ್ಲಿ ಅಚ್ಚಾದವು. ಯಾವ ದೊರೆಗೂ ಅರ್ಪಿಸದೆ ಅವನ್ನು ‘ಕಲಾವಿದರಿಗೆ’ ಅರ್ಪಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಪಕ್ಕವಾದ್ಯವಿಲ್ಲದೆ ಒಂದೇ ಪಿಟೀಲಿಗೆ ಬರೆದ ಈ ಬಿಡಿ ರಚನೆಗಳು ಇಂದಿಗೂ ಪಾಶ್ಚಾತ್ಯ ಪಿಟೀಲು ವಿದ್ಯಾರ್ಥಿಯ ಕೈ ಪಳಗಿದೆಯೋ ಇಲ್ಲವೋ ಎಂದು ನೋಡುವ ಒರೆಗಲ್ಲು.

ಇಟಲಿಯಲ್ಲಿ ಹೆಸರು ಮಾಡಿದ್ದರೂ ಪಗನಿನಿ ಗಡಿ ದಾಟಿದ್ದು ತಡವಾಗಿ. 1828ರಲ್ಲಿ ವಿಯೆನ್ನಾಕ್ಕೆ ಹೋದಾಗ ಅವನಿಗೆ 45 ದಾಟಿತ್ತು. ಅಲ್ಲಿ ಕೇಳಿದವರಲ್ಲಿ ಶೂಬರ್ಟ್ ಇದ್ದ. ಮಾರನೆಯ ವರ್ಷ ವೈಮರ್‌ನಲ್ಲಿ ಗಯಟೆ ಕೇಳಿದ. 1831ರಲ್ಲಿ ಪ್ಯಾರಿಸ್, ಅದೇ ವರ್ಷ ಲಂಡನ್. 1832ರಲ್ಲಿ ಪ್ಯಾರಿಸ್‌ನಲ್ಲಿ ಅವನನ್ನು ಕೇಳಿದ ಇಪ್ಪತ್ತರ ಹರೆಯದ ಫ್ರಾನ್ಸ್ ಲಿಸ್ಟ್, ಪಿಟೀಲಿನಲ್ಲಿ ಇವನು ಮಾಡಿದ್ದನ್ನು ತಾನು ಪಿಯಾನೊದಲ್ಲಿ ಮಾಡುತ್ತೇನೆಂದು ಹಟಕ್ಕೆ ಬಿದ್ದು ಸಾಧನೆಗೆ ಕೂತ.

ಪಗನಿನಿ ಮಾಡಿದ್ದಾದರೂ ಏನು? ಎಡಗೈ ಬೆರಳಿನಿಂದಲೇ ತಂತಿ ಮೀಟುತ್ತ ಬಲಗೈಯಲ್ಲಿ ಕಮಾನು ಎಳೆಯುವುದು, ಕಮಾನನ್ನು ತಂತಿಯ ಮೇಲೆ ಎಸೆದು ಪುಟಿಸುವುದು, ಬೆರಳನ್ನು ತಂತಿಗೆ ಸೋಕಿಸಿ ಸಿಳ್ಳಿನಂಥ ಸಹಸ್ವರಗಳನ್ನು ಜೋಡಿಯಾಗಿ ಹೊರಡಿಸುವುದು, ಒಂದೇ ತಂತಿಯ ಮೇಲೆ ಇಡೀ ರಚನೆ ನುಡಿಸುವುದು. ಇವುಗಳಲ್ಲಿ ಕೆಲವು ಅವನಿಗಿಂತ ಮೊದಲೂ ಇದ್ದವು. ಅವನು ಅವನ್ನೆಲ್ಲ ಒಟ್ಟುಗೂಡಿಸಿ ಕಾರ್ಯಕ್ರಮದ ನಡುಮಧ್ಯಕ್ಕೆ ತಂದ. ಇನ್ನೊಂದು ಯುಕ್ತಿ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವಂಥದ್ದು. ಮೊದಲನೆಯ ಕನ್ಸರ್ಟೊವನ್ನು ನುಡಿಸುವಾಗ ಅವನು ತನ್ನ ತಂತಿಗಳನ್ನು ಅರ್ಧ ಸ್ವರದಷ್ಟು ಬಿಗಿಮಾಡಿ ಶ್ರುತಿ ಏರಿಸಿಕೊಳ್ಳುತ್ತಿದ್ದ. ವಾದ್ಯವೃಂದ ಒಂದು ಶ್ರುತಿಯಲ್ಲಿ, ಅವನ ಬೆರಳುಗಳು ಇನ್ನೊಂದು ಸುಲಭ ಸ್ಥಾನದಲ್ಲಿ. ಬಿಗಿದ ತಂತಿಯ ನಾದ ಉಳಿದವರನ್ನು ಸೀಳಿಕೊಂಡು ಬರುತ್ತಿತ್ತು. ಗಾಯಕರ ಶ್ರುತಿಗೆ ತಕ್ಕಂತೆ ಬಿರಡೆ ತಿರುಗಿಸುವುದು ನಮ್ಮ ವಿದ್ವಾಂಸರಿಗೆ ದಿನದ ಕೆಲಸ. ಯುರೋಪಿಗೆ ಅದು ಮಾಟದಂತೆ ಕಂಡಿತು.

ಮಾಟದ ಮಾತು ಸುಮ್ಮನೆ ಬಂದದ್ದಲ್ಲ. ಒಣಕಲು ಮೈ, ಉದ್ದ ಬೆರಳು, ಕಪ್ಪು ಉಡುಪು ಕಂಡು ಜನ ಅವನು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡವನೆಂದು ಆಡಿಕೊಂಡರು. ಆ ಗುಲ್ಲು ಟಿಕೆಟ್ ಮಾರಾಟಕ್ಕೆ ಒಳ್ಳೆಯದೇ ಆಯಿತು, ಸಾವಿನಲ್ಲಿ ಮುಳುವಾಯಿತು. 1840ರ ಮೇ 27ರಂದು ನೀಸ್‌ನಲ್ಲಿ ಅವನು ತೀರಿಕೊಂಡಾಗ ಅಲ್ಲಿನ ಬಿಷಪ್ ಚರ್ಚಿನ ನೆಲದಲ್ಲಿ ಹೂಳಲು ಒಪ್ಪಲಿಲ್ಲ. ದೇಹ ಊರಿಂದೂರಿಗೆ ಅಲೆದು, ಪಾರ್ಮಾದ ಸ್ಮಶಾನದಲ್ಲಿ ನೆಲೆ ಕಂಡದ್ದು 1876ರಲ್ಲಿ. ಜಿಪುಣನೆಂದು ಹೆಸರಾಗಿದ್ದ ಈತ 1838ರಲ್ಲಿ ಸಂಗೀತ ರಚನಕಾರ ಬೆರ್ಲಿಯೋಜನಿಗೆ 20,000 ಫ್ರಾಂಕ್ ಕೊಟ್ಟದ್ದನ್ನು ಗುಲ್ಲು ಹಬ್ಬಿಸುವವರು ಮರೆಯುತ್ತಾರೆ.

ಕನ್ಸರ್ಟೊಗಳ ಕಾಲ

ಪಗನಿನಿಯ ಕೈಗೆ ಆ ವೇಗ ಒದಗಿದ್ದರ ಹಿಂದೆ ಬಡಗಿಗಳ ಪಾಲೂ ಇದೆ. ಪ್ಯಾರಿಸ್‌ನ ಫ್ರಾಂಸ್ವಾ ತೂರ್ತ್ (1747–1835) ಕಮಾನಿನ ಕಡ್ಡಿಯನ್ನು ಒಳಬಾಗಿಸಿ, ಉದ್ದ ಮತ್ತು ತೂಕಗಳನ್ನು ಹದಕ್ಕೆ ತಂದ. ನಾವು ಇಂದು ಹಿಡಿಯುವುದು ಆ ಕಮಾನನ್ನೇ. ಹಳೆಯ ಪಿಟೀಲುಗಳ ಕತ್ತನ್ನು ಉದ್ದಮಾಡಿ ಹಿಂದಕ್ಕೆ ಬಾಗಿಸಿ, ಕುದುರೆಯನ್ನು ಎತ್ತರಿಸಿ, ತಂತಿಗಳನ್ನು ಬಿಗಿದರು. ಸುಮಾರು 1820ರಲ್ಲಿ ಪಿಟೀಲುಗಾರ ಲೂಯಿಸ್ ಸ್ಪೋರ್ ಗಲ್ಲದ ಪಟ್ಟಿಯನ್ನು ಬಳಕೆಗೆ ತಂದ. ವಾದ್ಯವನ್ನು ಗಲ್ಲ ಹಿಡಿದುಕೊಂಡರೆ ಎಡಗೈಗೆ ಬಿಡುವು. ಅದು ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಬಹುದು. ಇದೆಲ್ಲ ದೊಡ್ಡ ಸಭಾಂಗಣದ ಕೊನೆಯ ಸಾಲಿಗೆ ನಾದ ಮುಟ್ಟಿಸುವ ತುರ್ತಿನಿಂದ ಆದದ್ದು. ಮೈಸೂರಿನ ಚೌಡಯ್ಯನವರಿಗೂ ಮುಂದೆ ಇದೇ ತುರ್ತು ಎದುರಾಗುತ್ತದೆ.

ಪಗನಿನಿಯ ನಂತರದ ರಚನಕಾರರು ಅವನ ಚಮತ್ಕಾರವನ್ನು ಪಳಗಿಸಿ ಭಾವದ ನೊಗಕ್ಕೆ ಕಟ್ಟಿದರು. ಮೆಂಡೆಲ್ಸನ್‌ನ ಇ ಮೈನರ್ ಕನ್ಸರ್ಟೊ 1845ರ ಮಾರ್ಚ್ 13ರಂದು ಲೈಪ್‌ಜಿಗ್‌ನಲ್ಲಿ ಫರ್ಡಿನಾಂಡ್ ಡೇವಿಡ್ ಕೈಯಲ್ಲಿ ಮೊದಲು ಕೇಳಿಬಂತು. ಮ್ಯಾಕ್ಸ್ ಬ್ರೂಖ್‌ನ ಜಿ ಮೈನರ್ ಕನ್ಸರ್ಟೊ 1866ರದು, ತಿದ್ದಿದ ರೂಪ 1868ರದು. ಬ್ರಾಮ್ಸ್ ತನ್ನ ಏಕೈಕ ಪಿಟೀಲು ಕನ್ಸರ್ಟೊವನ್ನು ಗೆಳೆಯ, ಪಿಟೀಲುಗಾರ ಯೋಸೆಫ್ ಯೋಆಖಿಮ್‌ಗಾಗಿ ಬರೆದ. ಅವನೊಡನೆ ಪತ್ರದ ಮೇಲೆ ಪತ್ರ ಬರೆದು ಬೆರಳು, ಕಮಾನುಗಳ ವಿಚಾರ ಚರ್ಚಿಸಿದ ಮೇಲೆ 1879ರ ಹೊಸವರ್ಷದ ದಿನ ಅದರ ಮೊದಲ ಪ್ರಯೋಗವಾಯಿತು. ಚೈಕೋವ್‌ಸ್ಕಿಗೆ ಆ ಭಾಗ್ಯವಿರಲಿಲ್ಲ. 1878ರಲ್ಲಿ ಬರೆದ ಅವನ ಕನ್ಸರ್ಟೊವನ್ನು ಲಿಯೋಪೋಲ್ಡ್ ಆವರ್ ನುಡಿಸಲು ಒಪ್ಪಲಿಲ್ಲ. 1881ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಅಡಾಲ್ಫ್ ಬ್ರಾಡ್‌ಸ್ಕಿ ನುಡಿಸಿದಾಗ ವಿಮರ್ಶಕ ಹಾನ್ಸ್‌ಲಿಕ್ ಕಟುವಾಗಿ ಹೀಗಳೆದ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನುಡಿಸುವ ಕನ್ಸರ್ಟೊಗಳಲ್ಲಿ ಅದೂ ಒಂದು. ಹಾನ್ಸ್‌ಲಿಕ್‌ನ ಹೆಸರು ಬರುವುದು ಹೆಚ್ಚಾಗಿ ಆ ಬೈಗುಳದ ಜೊತೆಗೇ. ವ್ಯೂತಾಂ, ವಿಯೆನಿಯಾವ್‌ಸ್ಕಿ, ಸರಸಾಟೆ, ಇಸಾಯಿ ಇವರೆಲ್ಲ ನುಡಿಸುತ್ತಲೇ ಬರೆದವರು, ಬರೆಯುತ್ತಲೇ ನುಡಿಸಿದವರು. ಸಿಬೇಲಿಯಸ್‌ನ 1904–05ರ ಕನ್ಸರ್ಟೊ ಮತ್ತು ಎಲ್ಗಾರ್‌ನ 1910ರ ಕನ್ಸರ್ಟೊಗಳೊಂದಿಗೆ ಈ ಯುಗ ಮುಗಿಯಿತೆನ್ನಬಹುದು. ಪಗನಿನಿಯ 24ನೆಯ ಕ್ಯಾಪ್ರಿಸ್ ಮಾತ್ರ ಮುಗಿಯಲಿಲ್ಲ; ಲಿಸ್ಟ್, ಬ್ರಾಮ್ಸ್ ಆದಮೇಲೆ 1934ರಲ್ಲಿ ರಾಖ್ಮನಿನಾಫ್ ಕೂಡ ಅದೇ ಮಟ್ಟನ್ನು ಎತ್ತಿಕೊಂಡು ಬೆಳೆಸಿದ.

ಜಾರು

ರಮ್ಯಯುಗದ ಪಿಟೀಲುಗಾರರು ನುಡಿಸುತ್ತಿದ್ದ ರೀತಿಯನ್ನು ಊಹಿಸಿಕೊಳ್ಳಬೇಕಾಗಿಲ್ಲ. ಯೋಆಖಿಮ್ 1903ರಲ್ಲಿ, ಸರಸಾಟೆ 1904ರಲ್ಲಿ ಗ್ರಾಮಫೋನಿಗೆ ನುಡಿಸಿದ್ದಾರೆ. ಕರ್ಕಶ ಸದ್ದಿನ ನಡುವೆಯೂ ಆ ತಟ್ಟೆಗಳಲ್ಲಿ ಒಂದು ಸಂಗತಿ ಎದ್ದು ಕೇಳುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಬೆರಳು ನಡುವಿನ ನಾದವನ್ನು ಮುಚ್ಚುವುದಿಲ್ಲ, ಕೇಳುವಂತೆ ಜಾರುತ್ತದೆ. ಇಂದಿನವರು ಪ್ರತಿ ಸ್ವರಕ್ಕೂ ಕೊಡುವ ನಡುಕ ಅಲ್ಲಿಲ್ಲ. ಯೋಆಖಿಮ್ ಅದನ್ನು ಉಪ್ಪಿನಷ್ಟೇ ಬಳಸುತ್ತಾನೆ.

20ನೆಯ ಶತಮಾನ ಮುಂದುವರಿದಂತೆ ಯುರೋಪಿನ ರುಚಿ ಬದಲಾಯಿತು. ಜಾರು ಅಗ್ಗದ ಭಾವುಕತೆಯೆನಿಸಿತು, ನಡುಕ ಎಲ್ಲ ಕಡೆ ಹರಡಿತು, ಸ್ವರದಿಂದ ಸ್ವರಕ್ಕೆ ಚೊಕ್ಕವಾಗಿ ಹಾರುವುದು ನಿಯಮವಾಯಿತು. ಕರ್ನಾಟಕ ಸಂಗೀತದ ಪಿಟೀಲಿಗೆ ಜಾರು ಎಂದೂ ಆಭರಣವಾಗಿರಲಿಲ್ಲ, ಅದು ರಾಗದ ಉಸಿರು. ತೋಡಿಯ ಗಾಂಧಾರವನ್ನೋ ಶಂಕರಾಭರಣದ ಇಳಿಜಾರುಗಳನ್ನೋ ಚೊಕ್ಕ ಸ್ವರಗಳಾಗಿ ಬಿಡಿಸಿದರೆ ರಾಗವೇ ಇರುವುದಿಲ್ಲ. ಹೀಗಾಗಿ 1904ರ ಸರಸಾಟೆಯ ಬೆರಳಿಗೆ ಇಂದಿನ ಯುರೋಪಿನ ಪಿಟೀಲುಗಾರನಿಗಿಂತ ಮೈಸೂರಿನ ವಿದ್ವಾಂಸನ ಬೆರಳು ಒಂದು ವಿಷಯದಲ್ಲಾದರೂ ಹತ್ತಿರದ ನೆಂಟ ಎನ್ನುವುದು ಈ ಲೇಖಕನ ಅಭಿಪ್ರಾಯ. ಇಬ್ಬರೂ ಒಬ್ಬರಿಂದೊಬ್ಬರು ಕಲಿತವರಲ್ಲ. ಗಂಟಲನ್ನು ಅನುಕರಿಸಹೊರಟ ವಾದ್ಯಕ್ಕೆ ಬೇರೆ ದಾರಿ ಇರಲಿಲ್ಲ.

ದಕ್ಷಿಣಕ್ಕೆ ಬಂದ ಬಗೆ

ಪಗನಿನಿಗಿಂತ ನಾಲ್ಕು ವರ್ಷ ಚಿಕ್ಕವರು ಬಾಲುಸ್ವಾಮಿ ದೀಕ್ಷಿತರು (1786–1858), ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ. ಮದ್ರಾಸಿನ ಹತ್ತಿರದ ಮಣಲಿಯ ಚಿನ್ನಯ್ಯ ಮೊದಲಿಯಾರರ ಆಶ್ರಯದಲ್ಲಿದ್ದಾಗ ಅವರು ಯುರೋಪಿಯನ್ ವಾದಕರಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ತಂಜಾವೂರಿನ ವಡಿವೇಲು ಅದನ್ನು ಎತ್ತಿಕೊಂಡು ತಿರುವಾಂಕೂರಿಗೆ ಹೋದರು. ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಅವರಿಗೆ ದಂತದ ಪಿಟೀಲು ಕೊಟ್ಟು ಗೌರವಿಸಿದರು. ಪಗನಿನಿಯ ಯುರೋಪ್ ಸಂಚಾರ ಮುಗಿಯುತ್ತ ಬಂದದ್ದೂ ಆ ವರ್ಷವೇ.

ಒಗ್ಗಿಸಿದ ಬಗೆ ಸರಳ, ಪರಿಣಾಮ ದೊಡ್ಡದು. ನಿಂತು ನುಡಿಸುವವರನ್ನು ಕೂರಿಸಿದರು. ವಾದ್ಯದ ತಲೆಯನ್ನು ಬಲಗಾಲಿನ ಪಾದದ ಮೇಲೂ ಬುಡವನ್ನು ಎದೆ–ಭುಜದ ನಡುವೆಯೂ ಇಟ್ಟರು. ವಾದ್ಯ ಎರಡು ಕಡೆ ಊರಿದ್ದರಿಂದ ಎಡಗೈಗೆ ಹೊರೆಯೇ ಇಲ್ಲ. ಸ್ಪೋರ್ ಗಲ್ಲದ ಪಟ್ಟಿಯಿಂದ ಪಡೆದ ಬಿಡುವನ್ನು ಇವರು ಕೂರುವ ಭಂಗಿಯಿಂದಲೇ ಪಡೆದರು, ಅದೂ ಹೆಚ್ಚಾಗಿ. ನಾಲ್ಕು ತಂತಿಗಳನ್ನು ಷಡ್ಜ–ಪಂಚಮ, ಷಡ್ಜ–ಪಂಚಮವಾಗಿ ಕೂಡಿಸಿದರು. ಗಾಯಕನ ಶ್ರುತಿ ಯಾವುದೋ ಅದೇ ಪಿಟೀಲಿನ ಶ್ರುತಿ.

ಅಲ್ಲಿಂದ ದಾರಿಗಳು ಕವಲೊಡೆದವು. ಯುರೋಪಿನಲ್ಲಿ ಪಿಟೀಲುಗಾರ ಒಂಟಿ ನಾಯಕನಾದ. ಇಲ್ಲಿ ಅವನು ಪಕ್ಕವಾದ್ಯಗಾರನಾದ. ಇದನ್ನು ಕೆಳಗಿನ ದರ್ಜೆಯೆಂದು ಎಣಿಸುವವರು ಕಚೇರಿಯನ್ನು ಸರಿಯಾಗಿ ಕೇಳಿಲ್ಲ. ಗಾಯಕ ಆಲಾಪನೆಯಲ್ಲಿ ಯಾವ ತಿರುವು ತೆಗೆದುಕೊಳ್ಳುತ್ತಾನೆಂದು ಪಿಟೀಲುಗಾರನಿಗೆ ಮೊದಲೇ ತಿಳಿದಿರುವುದಿಲ್ಲ. ನೆರಳಿನಂತೆ ಹಿಂಬಾಲಿಸಿ, ಅವನು ನಿಲ್ಲಿಸಿದ ಮೇಲೆ ಅದೇ ರಾಗವನ್ನು ತನ್ನದಾಗಿ ಬಿಡಿಸಿ, ನೆರವಲ್ ಮತ್ತು ಸ್ವರಪ್ರಸ್ತಾರದಲ್ಲಿ ಅಲ್ಲಿಂದಲ್ಲಿಗೇ ಉತ್ತರ ಕೊಡಬೇಕು. ಬ್ರಾಮ್ಸ್–ಯೋಆಖಿಮ್ ಪತ್ರಗಳಲ್ಲಿ ತಿಂಗಳುಗಟ್ಟಲೆ ನಡೆದ ಮಾತುಕತೆಯನ್ನು ಇಲ್ಲಿ ಒಂದು ಆವರ್ತನದೊಳಗೆ ಮುಗಿಸಬೇಕು. ಪರಿಣತಿ ಎರಡೂ ಕಡೆ ಇದೆ, ಪರೀಕ್ಷೆ ಬೇರೆ.

ಮೈಸೂರು ಅರಮನೆ

ಕರ್ನಾಟಕದಲ್ಲಿ ಈ ಎರಡು ದಾರಿಗಳೂ ಒಂದೇ ಸೂರಿನಡಿ ಕಂಡದ್ದು ಮೈಸೂರು ಅರಮನೆಯಲ್ಲಿ. 1894ರಲ್ಲಿ ತೀರಿಕೊಂಡ ಹತ್ತನೆಯ ಚಾಮರಾಜ ಒಡೆಯರು ಸ್ವತಃ ಪಿಟೀಲು ನುಡಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ವೀಣೆ, ಪಿಯಾನೊ, ಸ್ಯಾಕ್ಸೊಫೋನ್‌ಗಳ ಜೊತೆ ಪಿಟೀಲೂ ಬರುತ್ತಿತ್ತು. ಅವರ ಕಾಲದಲ್ಲಿ ಜರ್ಮನಿಯ ಆಟೊ ಷ್ಮಿಟ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ ಇದ್ದ ಆಸ್ಥಾನದಲ್ಲೇ ಯುರೋಪಿನ ವಾದ್ಯಗಳೂ ನುಡಿಯುತ್ತಿದ್ದವು.

ಜಯಚಾಮರಾಜ ಒಡೆಯರು (1919–1974) ಇನ್ನೂ ಮುಂದೆ ಹೋದರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಈ ಅರಸರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್, ಟ್ರಿನಿಟಿ ಸಂಗೀತ ಕಾಲೇಜಿನ ಫೆಲೊ. ರಷ್ಯದಿಂದ ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ರಚನಕಾರ ನಿಕೊಲಾಯ್ ಮೆಟ್ನರ್ ರಮ್ಯಯುಗದ ತಡವಾದ ಕುಡಿ. ಕಾಲ ಬದಲಾಗಿ ಅವನನ್ನು ಕೇಳುವವರಿರಲಿಲ್ಲ. ಅವನ ಕೃತಿಗಳು ಉಳಿಯಲೆಂದು ಒಡೆಯರು ಮೆಟ್ನರ್ ಸೊಸೈಟಿ ಕಟ್ಟಿ, ಅವನೇ ನುಡಿಸಿದ ತಟ್ಟೆಗಳನ್ನು ಎಚ್‌ಎಂವಿ ಮೂಲಕ ಹೊರತಂದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿ ಕೇಳಿಸಿದ ಕಾರ್ಯಕ್ರಮಕ್ಕೂ ಬೆಂಬಲ ಕೊಟ್ಟವರು ಮೈಸೂರಿನ ಮಹಾರಾಜರು. ರಮ್ಯಯುಗದ ಸಂಜೆಗೆ ದೀಪ ಹಚ್ಚಿದವರಲ್ಲಿ ಕನ್ನಡ ನಾಡಿನ ಅರಸನೊಬ್ಬ ಇದ್ದನೆಂಬುದು ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ಸೇರಬೇಕಾದ ಸಂಗತಿ.

ಇದೇ ಮೈಸೂರಿನಲ್ಲಿ, ನಾಲ್ವಡಿಯವರ ಆಶ್ರಯದ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರಿಂದ ಪಾಠ ಹೇಳಿಸಿಕೊಂಡವರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಎಲ್ಗಾರ್‌ನ ಕನ್ಸರ್ಟೊವನ್ನು 1932ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ರಚನಕಾರನ ಎದುರೇ ನುಡಿಸಿ ಧ್ವನಿಮುದ್ರಿಸಿದ್ದ ಯೆಹೂದಿ ಮೆನ್ಯೂಹಿನ್ 1952ರಲ್ಲಿ ಭಾರತಕ್ಕೆ ಬಂದಾಗ ಮೈಕೈ ನೋವಿನಿಂದ ಬಳಲಿದ್ದರು. ಮುಂಬಯಿಯಲ್ಲಿ ಅಯ್ಯಂಗಾರರಿಂದ ಯೋಗ ಕಲಿತು, 1954ರಲ್ಲಿ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ‘ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ’ ಎಂಬರ್ಥದ ಬರಹ ಕೆತ್ತಿಸಿದ ಕೈಗಡಿಯಾರವನ್ನು ಕಾಣಿಕೆ ಕೊಟ್ಟರು.

ಚೌಡಯ್ಯ

ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ 1895ರ ಜನವರಿ 1ರಂದು ಹುಟ್ಟಿದ ಚೌಡಯ್ಯ ಮೈಸೂರಿಗೆ ಬಂದು 1910ರಲ್ಲಿ ಬಿಡಾರಂ ಕೃಷ್ಣಪ್ಪನವರ (1866–1931) ಶಿಷ್ಯರಾದರು. ಕೃಷ್ಣಪ್ಪನವರು ಗಾಯಕರು. ಇದು ಮುಖ್ಯ. ಪಿಟೀಲನ್ನು ಹಾಡುಗಾರನಿಂದ ಕಲಿತವನಿಗೆ ಕಮಾನು ಉಸಿರಾಗುತ್ತದೆ. ಗುರುಗಳ ಶಿಸ್ತು ಕಠಿಣ, ಸಾಧನೆ ನಸುಕಿನಿಂದ. ಸುಮಾರು ಎಂಟು ವರ್ಷದ ಆ ವಾಸ ಚೌಡಯ್ಯನವರ ನಾದಕ್ಕೆ ಅಡಿಪಾಯ.

ಅವರು ಕಚೇರಿಗೆ ಇಳಿದ ಕಾಲದಲ್ಲಿ ಮೈಕು ಇರಲಿಲ್ಲ. ಸಭೆಗಳು ದೊಡ್ಡದಾಗುತ್ತಿದ್ದವು, ಗಾಯಕರ ಕಂಠಗಳು ಗಟ್ಟಿಯಿದ್ದವು, ಮೃದಂಗವೂ ಗಟ್ಟಿ. ಗಾಯಕನ ಶ್ರುತಿಗೆ ಇಳಿಸಿ ಸಡಿಲಿಸಿದ ತಂತಿಯ ಪಿಟೀಲು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಪಗನಿನಿ ತಂತಿ ಬಿಗಿದು ಪರಿಹಾರ ಕಂಡ. ಚೌಡಯ್ಯನವರಿಗೆ ಆ ದಾರಿ ಮುಚ್ಚಿತ್ತು, ಏಕೆಂದರೆ ಶ್ರುತಿ ಅವರದಲ್ಲ, ಗಾಯಕನದು. ಅವರು 1920ರ ದಶಕದ ಕೊನೆಯ ಭಾಗದಲ್ಲಿ ಮೂರು ತಂತಿ ಹೆಚ್ಚಿಗೆ ಸೇರಿಸಿ ಏಳು ತಂತಿಯ ಪಿಟೀಲನ್ನು ಕಚೇರಿಗೆ ತಂದರು. ಒಂದು ಸ್ವರಕ್ಕೆ ಜೋಡಿ ತಂತಿ ನುಡಿದಾಗ ನಾದ ದಪ್ಪವಾಯಿತು, ತುಂಬಿತು.

ಇದು ಹೇಳುವಷ್ಟು ಸುಲಭದ ಕೆಲಸವಲ್ಲ. ಒಂದು ಬೆರಳು ಎರಡು ತಂತಿಯನ್ನು ಒಟ್ಟಿಗೆ ಒತ್ತಬೇಕು. ಕೂದಲೆಳೆಯಷ್ಟು ವಾಲಿದರೂ ಎರಡರ ಶ್ರುತಿ ಒಡೆದು ಕಿವಿಗೆ ಚುಚ್ಚುತ್ತದೆ. ಕುದುರೆಯ ಮೇಲೆ ಒತ್ತಡ ಏರುತ್ತದೆ, ಬಿರಡೆಗಳು ಹೆಚ್ಚುತ್ತವೆ, ಶ್ರುತಿ ಕೂಡಿಸಲು ಹೊತ್ತು ಹಿಡಿಯುತ್ತದೆ. ಕಮಾನನ್ನು ಹಗುರವಾಗಿ ತೇಲಿಸಿದರೆ ಜೋಡಿಯಲ್ಲಿ ಒಂದೇ ತಂತಿ ನುಡಿಯುತ್ತದೆ, ಬಲವಾಗಿ ಒತ್ತಿದರೆ ಗರಗರ ಎನ್ನುತ್ತದೆ. ಚೌಡಯ್ಯನವರ ಬಲಗೈ ಈ ಎರಡರ ನಡುವೆ ತುದಿಯಿಂದ ಬುಡದವರೆಗೆ ಉದ್ದುದ್ದ ಎಳೆಯುತ್ತಿತ್ತು. ಅವರ ಪಿಟೀಲು ಕೇಳಿದವರು ನೆನೆಯುವುದು ಆ ತುಂಬು ನಾದವನ್ನೇ.

ಚೆಂಬೈ ವೈದ್ಯನಾಥ ಭಾಗವತರ್, ಪಾಲ್ಘಾಟ್ ಮಣಿ ಅಯ್ಯರ್ ಮತ್ತು ಚೌಡಯ್ಯ ಒಟ್ಟಿಗೆ ಕೂತ ಕಚೇರಿಗಳು ದಕ್ಷಿಣದಲ್ಲೆಲ್ಲ ಮನೆಮಾತಾದವು. ಅರಿಯಕ್ಕುಡಿ, ಸೆಮ್ಮಂಗುಡಿ, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಆ ತಲೆಮಾರಿನ ದೊಡ್ಡ ಗಾಯಕರಿಗೆಲ್ಲ ಅವರು ಪಕ್ಕವಾದ್ಯ ನುಡಿಸಿದರು. ಮೈಸೂರಿನವರೊಬ್ಬರು ಮದ್ರಾಸಿನ ವೇದಿಕೆಗಳಲ್ಲಿ ಆ ಮಟ್ಟದ ಬೇಡಿಕೆ ಗಳಿಸಿದ್ದು ಅಂದಿನ ದಿನಗಳಲ್ಲಿ ಅಪರೂಪ. ಮೈಸೂರು ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆ ಕಟ್ಟಿದರು. 1943ರ ‘ವಾಣಿ’ ಚಲನಚಿತ್ರದ ನಿರ್ಮಾಣಕ್ಕೂ ಕೈ ಹಾಕಿದರು. 1967ರ ಜನವರಿ 19ರಂದು ತೀರಿಕೊಂಡರು.

ಅವರ ಸಮಕಾಲೀನ ದ್ವಾರಂ ವೆಂಕಟಸ್ವಾಮಿ ನಾಯ್ಡು (1893–1964) ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಆಂಧ್ರದಲ್ಲಿ. ಒಂಟಿ ಪಿಟೀಲಿನ ಕಚೇರಿಗೆ ಮರ್ಯಾದೆ ತಂದವರಲ್ಲಿ ಅವರು ಮೊದಲಿಗರು. ದ್ವಾರಂ, ಚೌಡಯ್ಯ, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಈ ಮೂವರನ್ನು ಪಿಟೀಲಿನ ತ್ರಿಮೂರ್ತಿಗಳೆಂದು ಕರೆಯುವ ವಾಡಿಕೆ. ಸೂಕ್ಷ್ಮತೆಗೆ ದ್ವಾರಂ, ಒಪ್ಪಕ್ಕೆ ರಾಜಮಾಣಿಕ್ಯಂ, ನಾದದ ವಿಸ್ತಾರಕ್ಕೆ ಚೌಡಯ್ಯ ಎಂದು ಹಂಚಿಕೊಟ್ಟರೆ ಯಾರಿಗೂ ಅನ್ಯಾಯವಾಗದು.

ಏಳು ತಂತಿಯ ಮುಂದಿನ ಕಥೆ

ಧ್ವನಿವರ್ಧಕ ಬಂದ ಮೇಲೆ ಏಳು ತಂತಿಯ ಅಗತ್ಯ ಕರಗಿತು. ನಾಲ್ಕು ತಂತಿಯ ಮುಂದೆ ಒಂದು ಮೈಕು ಇಟ್ಟರೆ ಸಾಕೆಂದಾಗ ಆ ಕಷ್ಟ ಯಾರಿಗೆ ಬೇಕು? ಹಟ ಬಿಡದೆ ಅದನ್ನು ಹಿಡಿದವರು ಚೌಡಯ್ಯನವರ ಶಿಷ್ಯ, ಹಾಸನ ಜಿಲ್ಲೆಯ ರುದ್ರಪಟ್ಟಣದ ಆರ್.ಆರ್. ಕೇಶವಮೂರ್ತಿ (1914–2006). ಬೆಂಗಳೂರಿನಲ್ಲಿ ನೆಲೆಸಿ ದಶಕಗಳ ಕಾಲ ಏಳು ತಂತಿ ನುಡಿಸಿದರು, ಪಾಠದ ಪುಸ್ತಕಗಳನ್ನು ಬರೆದರು. ಅನೂರು ರಾಮಕೃಷ್ಣ, ನಳಿನಾ ಮೋಹನ್ ಮುಂತಾದ ಅವರ ಶಿಷ್ಯರಿಂದ ಬೆಂಗಳೂರಿನ ಪಿಟೀಲು ಬೆಳೆಯಿತು. ಲಂಡನ್ನಿನಲ್ಲಿ ನೆಲೆಸಿರುವ ಜ್ಯೋತ್ಸ್ನಾ ಶ್ರೀಕಾಂತ್ ಕೂಡ ಅವರ ಶಿಷ್ಯೆ. ಪಾಶ್ಚಾತ್ಯ ಪಿಟೀಲನ್ನೂ ಕಲಿತು ಎರಡೂ ದಾರಿಗಳಲ್ಲಿ ನಡೆದವರು. ಮೈಸೂರಿನಲ್ಲಿ ಎಸ್. ಮಹಾದೇವಪ್ಪನವರ ಮಕ್ಕಳಾದ ಎಂ. ನಾಗರಾಜ್, ಎಂ. ಮಂಜುನಾಥ್ ಸೋದರರು ಜೋಡಿ ಪಿಟೀಲನ್ನು ಜಗತ್ತಿನ ವೇದಿಕೆಗಳಿಗೆ ಒಯ್ದಿದ್ದಾರೆ. ಇವರ ನುಡಿಸಾಣಿಕೆಯ ವೇಗ, ಸ್ಥಾಯಿಗಳ ನಡುವಿನ ಜಿಗಿತ, ಕಮಾನಿನ ಕತ್ತರಿಕೆಗಳನ್ನು ಪಗನಿನಿ ಕೇಳಿದ್ದರೆ ತನ್ನ ಕಸುಬಿನವರೆಂದು ಗುರುತು ಹಿಡಿಯುತ್ತಿದ್ದ.

ಬೆಂಗಳೂರಿನ ವೈಯಾಲಿಕಾವಲ್ ಬಳಿ ಕೆ.ಕೆ. ಮೂರ್ತಿಯವರ ಶ್ರಮದಿಂದ 1980ರಲ್ಲಿ ಎದ್ದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದ್ದು. ತಂತಿ, ಬಿರಡೆ, ಕಮಾನು ಎಲ್ಲ ಇದೆ. ಒಳಗೆ ಸಂಗೀತಕ್ಕಿಂತ ನಾಟಕ, ಶಾಲಾ ವಾರ್ಷಿಕೋತ್ಸವಗಳೂ ಕಡಿಮೆಯಿಲ್ಲದೆ ನಡೆಯುತ್ತವೆ. ಅಲ್ಲಿ ಕೂತ ಮಕ್ಕಳಲ್ಲಿ ಹೆಚ್ಚಿನವರಿಗೆ ಚೌಡಯ್ಯ ಒಂದು ಕಟ್ಟಡದ ಹೆಸರು. ರಾಜ್ಯ ಸರ್ಕಾರ ಶಾಸ್ತ್ರೀಯ ಸಂಗೀತಗಾರರಿಗೆ ಕೊಡುವ ಪ್ರಶಸ್ತಿಯೊಂದಕ್ಕೂ ಅವರ ಹೆಸರಿದೆ.

ಹಾನಗಲ್ಲ, ಶಿಗ್ಗಾವಿ, ಗದಗ

ತುಂಗಭದ್ರೆಯ ಉತ್ತರಕ್ಕೆ ಪಿಟೀಲಿನ ಕಥೆ ಬೇರೆ. ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಈಗ ಹಾವೇರಿ ಜಿಲ್ಲೆಯಲ್ಲಿವೆ. ಶಿಶುನಾಳ ಶರೀಫರ ನೆಲವಿದು. ಇಲ್ಲಿನ ಭಜನೆ, ತತ್ವಪದಗಳಿಗೆ ಪೇಟಿ, ತಬಲಾ, ತಾಳ, ಏಕತಾರಿ ಸಾಥಿ. ಕಮಾನುವಾದ್ಯ ಹಳ್ಳಿಯ ಮೇಳದೊಳಗೆ ಹೆಚ್ಚಾಗಿ ಬರಲಿಲ್ಲ. ಹಿಂದುಸ್ತಾನಿ ಮೆಹಫಿಲಿನಲ್ಲೂ ಸಾರಂಗಿ ಮತ್ತು ಪೇಟಿಯದೇ ಕಾರುಬಾರು.

ಆದರೂ ಎರಡು ಪದ್ಧತಿಗಳನ್ನು ಒಂದೆಡೆ ತಂದ ಗುರುಪರಂಪರೆ ಹುಟ್ಟಿದ್ದು ಈ ಮಣ್ಣಿನಲ್ಲೇ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಕಂಠ ಕೇಳಿ, ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಿದರು. ಬಳಿಕ ನೀಲಕಂಠಬುವಾ ಅವರಿಂದಲೂ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಹಿಂದುಸ್ತಾನಿ ಕಲಿತರು. ಅವರೇ ಪಂಚಾಕ್ಷರಿ ಗವಾಯಿಗಳು. ಗದುಗಿನಲ್ಲಿ ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಹೊಣೆ ಹೊತ್ತವರು ಅದೇ ಹಾನಗಲ್ಲ ತಾಲ್ಲೂಕಿನ ದೇವರ ಹೊಸಪೇಟೆಯವರಾದ ಪುಟ್ಟರಾಜ ಗವಾಯಿಗಳು (1914–2010). ಅವರೂ ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಪೇಟಿ, ತಬಲಾ, ಸಾರಂಗಿಗಳ ಜೊತೆ ಪಿಟೀಲನ್ನೂ ನುಡಿಸುತ್ತಿದ್ದರು, ಕಲಿಸುತ್ತಿದ್ದರು. 2010ರಲ್ಲಿ ಪದ್ಮಭೂಷಣ ಬಂತು.

ಕಣ್ಣಿಲ್ಲದವರ ಕೈಗೆ ಪಿಟೀಲು ಹೊಂದುವ ವಾದ್ಯ. ಅದಕ್ಕೆ ಮೆಟ್ಟಿಲುಗಳಿಲ್ಲ, ಪಟ್ಟಿಯ ಮೇಲೆ ಗುರುತುಗಳಿಲ್ಲ. ಸ್ವರ ಎಲ್ಲಿದೆಯೆಂದು ಕಣ್ಣಿದ್ದವನೂ ಕಿವಿಯಿಂದಲೇ ಹುಡುಕಬೇಕು. ಪುಣ್ಯಾಶ್ರಮದ ಪಾಠವೂ ಬಾಯಿಂದ ಬಾಯಿಗೆ. ಮೊದಲು ಹಾಡು, ಆಮೇಲೆ ಬೆರಳು. ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿ ಚೌಡಯ್ಯ ಕಲಿತ ಕ್ರಮವೂ ಇದೇ.

ಉತ್ತರ ಕರ್ನಾಟಕದಲ್ಲಿ ಪಿಟೀಲಿಗೆ ಇನ್ನೊಂದು ಬಾಗಿಲು ತೆರೆದದ್ದು ರೇಡಿಯೊ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು; ಆ ನಿಷೇಧ ಸಡಿಲವಾಗಲು ಮೂರು ದಶಕ ಹಿಡಿಯಿತು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾದಾಗ ಗಾಯಕರ ಪಕ್ಕದಲ್ಲಿ ಪೇಟಿಗೆ ಜಾಗವಿರಲಿಲ್ಲ. ಆ ಜಾಗ ಸಾರಂಗಿಗೂ ಪಿಟೀಲಿಗೂ ಸಿಕ್ಕಿತು. ಧಾರವಾಡದ ಪಂಡಿತ ಬಿ.ಎಸ್. ಮಠ ಹಿಂದುಸ್ತಾನಿ ಪಿಟೀಲು ನುಡಿಸಿ ಶಿಷ್ಯರನ್ನು ತಯಾರು ಮಾಡಿದರು. ಇಲ್ಲಿ ಆದರ್ಶ ಗಾಯಕಿ ಅಂಗ: ಖ್ಯಾಲನ್ನು ಗಂಟಲು ಹೇಗೆ ಬಿಡಿಸುತ್ತದೋ ಹಾಗೆ ಕಮಾನು ಬಿಡಿಸಬೇಕು. ಕಿರಾಣಾ ಘರಾಣೆಯ ನಿಧಾನದ ಬಢತ್ ಕೇಳಿ ಬೆಳೆದ ಧಾರವಾಡದ ಕಿವಿ ಬರಿಯ ವೇಗಕ್ಕೆ ತಲೆದೂಗುವುದಿಲ್ಲ.

ಪಗನಿನಿಯ ಪರಂಪರೆಯನ್ನು ಅವನ ಕಸರತ್ತುಗಳಲ್ಲಿ ಹುಡುಕುವವರು ಮೆಂಡೆಲ್ಸನ್, ಬ್ರಾಮ್ಸ್‌ರನ್ನು ಮರೆಯುತ್ತಾರೆ. ಹಾಗೆಯೇ ಚೌಡಯ್ಯನವರನ್ನು ಏಳು ತಂತಿಯ ಆವಿಷ್ಕಾರಕ್ಕೆ ಕಟ್ಟಿಹಾಕುವುದೂ ಅರ್ಧ ಮಾತು. ಅವರ ವಾದ್ಯ ಕಚೇರಿಗಳಿಂದ ಹೆಚ್ಚುಕಡಿಮೆ ಮರೆಯಾಗಿದೆ. ಪಕ್ಕವಾದ್ಯದ ಜಾಗದಲ್ಲಿ ಕೂತೇ ಗಾಯಕನಿಗೆ ಸರಿಸಾಟಿಯಾಗಬಹುದೆಂದು ಅವರು ತೋರಿಸಿದ್ದು, ಉದ್ದ ಕಮಾನಿನ ಆ ತುಂಬು ನಾದ, ಎರಡೂ ಕರ್ನಾಟಕದ ಪಿಟೀಲಿನಲ್ಲಿ ಉಳಿದಿವೆ. ಕೇಳಿ ತಿಳಿಯಬಯಸುವವರು ಯೋಆಖಿಮ್‌ನ 1903ರ ಮತ್ತು ಸರಸಾಟೆಯ 1904ರ ತಟ್ಟೆಗಳಿಂದ ಆರಂಭಿಸಿ, ಚೆಂಬೈ ಜೊತೆ ಚೌಡಯ್ಯ ನುಡಿಸಿದ ಧ್ವನಿಮುದ್ರಣಗಳಿಗೆ ಬರಲಿ. ನಂತರ ಕೇಶವಮೂರ್ತಿಯವರ ಏಳು ತಂತಿಯನ್ನು ಕೇಳಲಿ. ಈ ಕ್ರಮದಲ್ಲಿ ಕೇಳಿದರೆ ಜಾರಿನ ವಿಷಯದಲ್ಲಿ ಮೇಲೆ ಹೇಳಿದ್ದನ್ನು ಒಪ್ಪಬೇಕೋ ಬಿಡಬೇಕೋ ಎಂಬುದನ್ನು ಓದುಗರ ಕಿವಿಯೇ ತೀರ್ಮಾನಿಸಬಹುದು.